ಪರರ ವಶಕ್ಕೆ ಒಪ್ಪಿಸಿದ ಹಣ

(ಓದತಕ್ಕ ವೇದಭಾಗ: ವಿಮೋಚನಕಾಂಡ ೨೨ನೆಯ ಅಧ್ಯಾಯ, ೭ರಿಂದ ೧೫ರ ವರೆಗಿನ ವಚನಗಳು)

ಒಬ್ಬನು ತನ್ನ ಹಣವನ್ನು ಕಾಪಾಡಿಕೊಡೆಂದು ಮತ್ತೊಬ್ಬನ ಕೈಗೆ ಒಪ್ಪಿಸಿದ ಮೇಲೆ ಅದು ನಷ್ಟವಾದರೆ ತಪ್ಪು ಯಾರದು? ಕದ್ದವನದೋ, ಇಟ್ಟುಕೊಂಡವನದೋ, ವಿಚಾರಿಸದೆ ಕೊಟ್ಟವನದೋ? ಈ ಪ್ರಶ್ನೆಯು ಹೊಸದಲ್ಲ. ಇಸ್ರಾಯೇಲ್ಯರು ಇನ್ನೂ ಅರಣ್ಯದಲ್ಲಿ ಗುಡಾರಗಳೊಳಗೆ ವಾಸಿಸುತ್ತಿದ್ದಾಗಲೇ ದೇವರು ಮೋಶೆಯ ಮೂಲಕ ಇದಕ್ಕೆ ನಿಯಮಗಳನ್ನು ಕೊಟ್ಟನು. ಮೇಲೆ ಹೇಳಿದ ವೇದಭಾಗದಲ್ಲಿ ಅವುಗಳನ್ನು ನೋಡಬಹುದು. ನೆರೆಯವನ ಬೆಳ್ಳಿಯನ್ನು ಇಟ್ಟುಕೊಂಡವನ ಮನೆಗೆ ಕನ್ನ ಬಿದ್ದರೆ ಏನು ಮಾಡತಕ್ಕದ್ದು, ಕಳ್ಳನು ಸಿಕ್ಕಿದರೆ ಏನು, ಸಿಕ್ಕದಿದ್ದರೆ ಏನು, ಒಪ್ಪಿಸಿದ ಪಶುವನ್ನು ಕಾಡುಮೃಗವು ಸೀಳಿದರೆ ಏನು ಎಂಬದೆಲ್ಲವೂ ಅಲ್ಲಿ ಬರೆದದೆ. ಇಂಥ ಸಣ್ಣ ಸಂಗತಿಗಳು ದೇವರ ಆಜ್ಞೆಗಳ ಮಧ್ಯದಲ್ಲಿ ಯಾಕೆ ಬಂದವೆಂದು ಕೆಲವರು ಆಶ್ಚರ್ಯಪಡುವರು. ಆದರೆ ಬಡವನಿಗೆ ಇದು ಸಣ್ಣ ಸಂಗತಿಯಲ್ಲ. ಅವನ ಒಂದು ವರುಷದ ಬೆವರೇ ಆ ಹಣದ ಗಂಟಿನಲ್ಲಿ ಇರುವದು.

ಈ ಪ್ರಶ್ನೆಯನ್ನು ಈಗ ಎತ್ತುವದಕ್ಕೆ ಕಾರಣವುಂಟು. ನಮ್ಮ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿಯೂ ಮೊಬೈಲ್ ಇಲ್ಲದ ಮನೆ ಈಗ ಅಪರೂಪ. ಡೈರಿಗೆ ಹಾಕಿದ ಹಾಲಿನ ಬಟವಾಡೆಯೂ, ತೆಂಗಿನಕಾಯಿ ಮಾರಿದ ಹಣವೂ, ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸಂಬಳವೂ ಬ್ಯಾಂಕಿನ ಖಾತೆಗೆ ಬಂದು ಸೇರುವವು. ಅಲ್ಲಿಂದ ಬೆರಳಿನ ಒಂದು ಒತ್ತಿನಿಂದ ಎಲ್ಲಿಗೆ ಬೇಕಾದರೂ ಹೊರಟುಹೋಗುವವು. ಹೀಗಿರಲಾಗಿ ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯಗಳ ಮಾತು ಪಟ್ಟಣದಲ್ಲಿ ಮಾತ್ರ ನಿಲ್ಲದೆ ಹಳ್ಳಿಯ ಅರಳಿಕಟ್ಟೆಗೂ ಬಂದದೆ. ಆ ನಾಣ್ಯಗಳ ಬೆಲೆಯು ಏರುವದೋ ಇಳಿಯುವದೋ ಎಂಬದನ್ನು ನಾವಿಲ್ಲಿ ವಿಚಾರಿಸುವದಿಲ್ಲ. ಅವುಗಳನ್ನು ಕೊಂಡು ಮಾರುವದಕ್ಕಾಗಿ ಜನರು ತಮ್ಮ ಹಣವನ್ನು ಎಕ್ಸ್‌ಚೇಂಜ್ ಎಂಬ ಕಂಪೆನಿಗಳ ವಶಕ್ಕೆ ಕೊಟ್ಟು ನಿಶ್ಚಿಂತರಾಗಿ ಮಲಗುವರಷ್ಟೆ. ಆ ನಿಶ್ಚಿಂತೆಯು ಸರಿಯೋ ಎಂಬದೇ ನಮ್ಮ ಪ್ರಶ್ನೆ.

೧. ಈ ವ್ಯಾಪಾರದ ಸ್ವರೂಪ

೨೦೦೯ನೆಯ ಇಸವಿಯಿಂದ ನಡೆಯುತ್ತಿರುವ ಬಿಟ್‌ಕಾಯಿನ್ ಎಂಬದು ಬೆಳ್ಳಿಯೂ ಅಲ್ಲ, ಕಾಗದವೂ ಅಲ್ಲ. ಲೋಕದ ನಾನಾ ಕಡೆಗಳಲ್ಲಿರುವ ಕಂಪ್ಯೂಟರುಗಳು ಒಟ್ಟಾಗಿ ಬರೆದಿಡುವ ಒಂದು ದೊಡ್ಡ ಲೆಕ್ಕದ ಪುಸ್ತಕವುಂಟು. ಇಂಥ ನಾಣ್ಯವು ಇಂಥ ವಿಳಾಸದಲ್ಲಿ ಅದೆಯೆಂದು ಅದರಲ್ಲಿ ದಾಖಲಾಗುವದು. ಆ ವಿಳಾಸವನ್ನು ತೆರೆಯತಕ್ಕ ಗುಪ್ತವಾದ ಕೀಲಿಯು ಯಾರ ಬಳಿ ಇರುವದೋ ಅವನೇ ನಾಣ್ಯದ ಒಡೆಯನು. ಕೀಲಿಯೆಂದರೆ ಕಬ್ಬಿಣದ್ದಲ್ಲ, ಅಕ್ಷರಗಳೂ ಅಂಕಿಗಳೂ ಕೂಡಿದ ಒಂದು ದೀರ್ಘವಾದ ಗುಟ್ಟು. ಅದನ್ನು ಕದ್ದವನು ನಾಣ್ಯವನ್ನು ಕದ್ದ ಹಾಗೆಯೇ. ಅದನ್ನು ಕಳೆದುಕೊಂಡವನು ನಾಣ್ಯವನ್ನು ಕಳೆದುಕೊಂಡ ಹಾಗೆಯೇ. ಪುನಃ ಬರೆದುಕೊಡುವದಕ್ಕೆ ಅಲ್ಲಿ ತಹಶೀಲ್ದಾರನೂ ಇಲ್ಲ, ಮ್ಯಾನೇಜರನೂ ಇಲ್ಲ.

ಸಾಧಾರಣ ಜನರು ಈ ಕೀಲಿಯ ತೊಂದರೆಯನ್ನು ಹೊರಲಾರದೆ ಎಕ್ಸ್‌ಚೇಂಜ್ ಕಂಪೆನಿಯ ಬಾಗಿಲಿಗೆ ಹೋಗುವರು. ಕಂಪೆನಿಯು ರೂಪಾಯಿಯನ್ನು ತೆಗೆದುಕೊಂಡು, ನಿಮ್ಮ ಹೆಸರಿನಲ್ಲಿ ಇಷ್ಟು ನಾಣ್ಯ ಅದೆಯೆಂದು ಮೊಬೈಲಿನಲ್ಲಿ ತೋರಿಸುವದು. ಆದರೆ ಕೀಲಿಯು ಯಾರ ಕೈಯಲ್ಲಿ ಉಂಟು? ಕಂಪೆನಿಯ ಕೈಯಲ್ಲಿ. ನಮ್ಮ ಕಣ್ಣಿಗೆ ಕಾಣುವದು ಆ ದೊಡ್ಡ ಲೆಕ್ಕದ ಪುಸ್ತಕವಲ್ಲ, ಕಂಪೆನಿಯು ತಾನೇ ಬರೆದುಕೊಂಡ ಕಿರ್ದಿಯ ಒಂದು ಸಾಲು ಮಾತ್ರವೇ.

ಇದನ್ನು ಒಂದು ಸಾಮ್ಯದಿಂದ ತಿಳಿಯೋಣ. ಹಿಂದಿನ ಕಾಲದಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಇಡುತ್ತಿದ್ದರೆಂದು ಎಲ್ಲರೂ ಬಲ್ಲರು. ಹತ್ತು ಮಂದಿ ರೈತರು ತಮ್ಮ ರಾಗಿಯನ್ನು ಒಬ್ಬನ ಹಗೇವಿಗೆ ಸುರಿದು, ಅವನಿಂದ ಚೀಟಿ ಬರೆಯಿಸಿಕೊಂಡರೆಂದು ಎಣಿಸಿಕೊಳ್ಳಿರಿ. ಚೀಟಿಯು ರಾಗಿಯಲ್ಲ. ಒಳಗೆ ಎಲ್ಲರ ರಾಗಿಯೂ ಬೆರೆತುಹೋಗಿರುವದರಿಂದ ಇದು ನನ್ನದು, ಅದು ನಿನ್ನದು ಎಂದು ಯಾರೂ ಹೇಳಲಾರರು. ಹಗೇವಿನವನು ಮುಂದಿನ ಸುಗ್ಗಿಗೆ ತುಂಬಿಬಿಡುವೆನೆಂದು ಯೋಚಿಸಿ ಐದು ಮೂಟೆಯನ್ನು ತೆಗೆದು ಮಾರಿಕೊಂಡರೂ ರೈತನ ಕೈಯ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗುವದಿಲ್ಲ. ಇಲಿ ತಿಂದರೂ, ನೀರು ಹೊಕ್ಕು ಮುಗ್ಗಿದರೂ ಚೀಟಿಯು ಹಾಗೆಯೇ ಇರುವದು. ಮಳೆ ಹೋಗಿ ಹತ್ತು ಮಂದಿಯೂ ಒಂದೇ ದಿನದಲ್ಲಿ ಚೀಲ ಹಿಡಿದು ಬಂದು ನಿಂತಾಗ ಮಾತ್ರವೇ ಸತ್ಯವು ಹೊರಗೆ ಬರುವದು. ಎಕ್ಸ್‌ಚೇಂಜಿನ ಅಪಾಯವೆಲ್ಲವೂ ಇದರಲ್ಲಿ ಅಡಗಿದೆ.

೨. ನಡೆದ ಸಂಗತಿಗಳು

ದೂರದ ದೇಶಗಳಿಗೆ ಹೋಗುವದಕ್ಕಿಂತ ಮೊದಲು ನಮ್ಮ ಜಿಲ್ಲೆಯನ್ನೇ ನೋಡೋಣ. ಭಾರತದ ಮೊದಲ ಬಿಟ್‌ಕಾಯಿನ್ ಎಕ್ಸ್‌ಚೇಂಜ್‌ಗಳಲ್ಲಿ ಒಂದಾದ ಯುನೋಕಾಯಿನ್ ಎಂಬ ಕಂಪೆನಿಯು ೨೦೧೩ನೆಯ ಇಸವಿಯಲ್ಲಿ ಆರಂಭವಾಯಿತು. ತುಮಕೂರಿನಲ್ಲಿ ಅದರ ಕಛೇರಿಯಿತ್ತು. ೨೦೧೭ರಲ್ಲಿ ಆ ಕಂಪೆನಿಯ ಕಂಪ್ಯೂಟರಿನೊಳಗೆ ಯಾರೋ ನುಗ್ಗಿ ೬೦.೬ ಬಿಟ್‌ಕಾಯಿನ್‌ಗಳನ್ನು ಸಾಗಿಸಿಬಿಟ್ಟರೆಂದು ತುಮಕೂರಿನ ಹೊಸ ಬಡಾವಣೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಆ ಕಾಲದ ಬೆಲೆಯಲ್ಲಿಯೇ ಅವು ಒಂದು ಕೋಟಿ ರೂಪಾಯಿಗೆ ಮೇಲ್ಪಟ್ಟವು. ೨೦೨೩ರಲ್ಲಿ ರಾಜ್ಯ ಸರಕಾರವು ಇಂಥ ಪ್ರಕರಣಗಳಿಗಾಗಿ ವಿಶೇಷ ತನಿಖಾ ದಳವನ್ನು ನೇಮಿಸಿತು. ೨೦೨೪ರ ಮೇ ತಿಂಗಳಲ್ಲಿ ಈ ಪ್ರಕರಣದಲ್ಲಿ ಬೆಂಗಳೂರಿನ ಒಬ್ಬನ ದಸ್ತಗಿರಿಯಾಯಿತು. ಕಳವಿಗೂ ದಸ್ತಗಿರಿಗೂ ಮಧ್ಯದಲ್ಲಿ ಏಳು ವರುಷಗಳು ಕಳೆದವೆಂಬದನ್ನು ಗಮನಿಸಿರಿ. ಇಲ್ಲಿ ಕಂಪೆನಿಯವರು ದೂರು ಕೊಟ್ಟವರು, ಕಳಕೊಂಡವರು; ಅವರನ್ನು ಮೋಸಗಾರರೆಂದು ಹೇಳುವದಕ್ಕೆ ಈ ಸಂಗತಿಯಲ್ಲಿ ಆಧಾರವಿಲ್ಲ. ಇಟ್ಟುಕೊಂಡವನು ಕದಿಯದಿದ್ದರೂ ಇಟ್ಟದ್ದು ಹೋಗಬಹುದು ಎಂಬದೇ ಇದರ ಪಾಠ.

ಇದಕ್ಕಿಂತಲೂ ದೊಡ್ಡ ಕಳವು ೨೦೨೪ರ ಜುಲೈ ೧೮ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಲ್ಲಿ ಆಯಿತು. ಸುಮಾರು ೨೩ ಕೋಟಿ ಡಾಲರುಗಳಷ್ಟು ನಾಣ್ಯವು ಒಂದು ದಿನದಲ್ಲಿ ಹೋಯಿತು. ಆ ಪೆಟ್ಟಿಗೆಯು ಒಬ್ಬನ ಸಹಿಯಿಂದ ತೆರೆಯತಕ್ಕದ್ದಲ್ಲ, ಅನೇಕರ ಒಪ್ಪಿಗೆ ಬೇಕಾಗಿತ್ತು, ಆದರೂ ಹೋಯಿತು. ಅದು ಉತ್ತರ ಕೊರಿಯಾದ ಕಳ್ಳರ ಕೆಲಸವೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರಕಾರಗಳು ೨೦೨೫ರ ಜನವರಿಯಲ್ಲಿ ಹೇಳಿದವು. ಹಣ ಇಟ್ಟವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬಾಗಿಲು ಮುಚ್ಚಿತು. ಸಿಂಗಪುರದ ನ್ಯಾಯಾಲಯದಲ್ಲಿ ಒಂದು ಒಪ್ಪಂದವಾಗಿ ೨೦೨೫ರ ಅಕ್ಟೋಬರಿನಲ್ಲಿ ವ್ಯಾಪಾರವು ಪುನಃ ಆರಂಭವಾಗುವ ವರೆಗೆ ಜನರು ಕಾದರು. ಕಳವಾದ ಜಾತಿಯ ನಾಣ್ಯವನ್ನು ಇಟ್ಟವರು ಮಾತ್ರವಲ್ಲ, ಕಳವಾಗದ ಜಾತಿಯದನ್ನು ಇಟ್ಟವರೂ ನಷ್ಟದಲ್ಲಿ ಪಾಲು ಹೊರಬೇಕಾಯಿತು. ಒಂದೇ ಹಗೇವಿಗೆ ಸುರಿದವರ ಗತಿ ಹೀಗೆಯೇ. ಆದರೆ ೨೦೨೫ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕಂಪೆನಿಯಿಂದ ಸುಮಾರು ೪.೪ ಕೋಟಿ ಡಾಲರು ಕಳವಾದಾಗ, ಅದು ಕಂಪೆನಿಯ ಸ್ವಂತ ಖಾತೆಯದೆಂದೂ ನಷ್ಟವನ್ನು ತಾವೇ ಹೊರುವೆವೆಂದೂ ಆ ಕಂಪೆನಿಯವರು ಹೇಳಿದರು. ಇದನ್ನೂ ನ್ಯಾಯವಾಗಿ ಹೇಳತಕ್ಕದ್ದು. ಆದರೆ ಹೊರುವ ಮನಸ್ಸೂ ಹೊರುವ ಶಕ್ತಿಯೂ ಎಲ್ಲರಿಗೂ ಇರುವದೆಂದು ಯಾವ ಕಾನೂನೂ ನಮಗೆ ಮಾತು ಕೊಟ್ಟಿಲ್ಲ.

ಇನ್ನು ಮನೆಯವನೇ ಕಳ್ಳನಾದ ಸಂಗತಿಗಳು. ೨೦೨೨ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಲೋಕಪ್ರಸಿದ್ಧ ಎಕ್ಸ್‌ಚೇಂಜ್ ಕೆಲವು ದಿನಗಳೊಳಗೆ ಕುಸಿದುಬಿದ್ದಿತು. ಜನರು ಇಟ್ಟಿದ್ದ ಸುಮಾರು ೮೦೦ ಕೋಟಿ ಡಾಲರುಗಳನ್ನು ಅದರ ಒಡೆಯನು ತನ್ನದೇ ಆದ ಇನ್ನೊಂದು ವ್ಯಾಪಾರಕ್ಕೆ ಸಾಗಿಸಿದ್ದನು. ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಎಂಬ ಆ ಯೌವನಸ್ಥನಿಗೆ ೨೦೨೪ರ ಮಾರ್ಚಿಯಲ್ಲಿ ಅಮೆರಿಕದ ನ್ಯಾಯಾಲಯವು ೨೫ ವರುಷಗಳ ಸೆರೆವಾಸವನ್ನು ವಿಧಿಸಿತು. ಇಟ್ಟವರಿಗೆ ೨೦೨೫ರಿಂದ ಹಣವು ಹಿಂದಿರುಗತೊಡಗಿತು, ಆದರೆ ಕಂಪೆನಿಯು ಬಿದ್ದ ದಿನದ ಬೆಲೆಯಲ್ಲಿ. ಅಷ್ಟರೊಳಗೆ ಅವರ ಬಿಟ್‌ಕಾಯಿನ್‌ನ ಬೆಲೆಯು ಎಷ್ಟೋ ಪಾಲು ಏರಿತ್ತು. ಕೆನಡಾ ದೇಶದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜಿನ ಸ್ಥಾಪಕನು ೨೦೧೮ರ ಡಿಸೆಂಬರಿನಲ್ಲಿ ನಮ್ಮ ದೇಶದ ಜೈಪುರದಲ್ಲಿ ಮೃತನಾದನು. ಕೀಲಿಗಳು ಅವನೊಬ್ಬನಿಗೇ ಗೊತ್ತಿದ್ದವು, ಅವನ ಸಂಗಡ ಹೋದವು ಎಂದು ಮೊದಲು ಹೇಳಿದರು. ಆದರೆ ೨೦೨೦ರಲ್ಲಿ ಅಲ್ಲಿಯ ಅಧಿಕಾರಿಗಳು ವಿಚಾರಣೆ ಮಾಡಿ, ಅವನು ಬದುಕಿದ್ದಾಗಲೇ ಜನರ ಹಣವನ್ನು ಮೋಸದಿಂದ ಕಳೆದುಬಿಟ್ಟಿದ್ದನೆಂದು ಪ್ರಕಟಿಸಿದರು. ಚೀಟಿಗಳು ಮಾತ್ರ ಕಡೆಯ ದಿನದ ವರೆಗೂ ತುಂಬಿದ ಲೆಕ್ಕವನ್ನೇ ತೋರಿಸುತ್ತಿದ್ದವು. ಜಪಾನಿನ ಮೌಂಟ್ ಗಾಕ್ಸ್ ಎಂಬದು ೨೦೧೪ರ ಫೆಬ್ರುವರಿಯಲ್ಲಿ ಬಿದ್ದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್‌ಗಳು ಕಾಣೆಯಾಗಿವೆಯೆಂದು ಹೇಳಿತು; ತರುವಾಯ ಎರಡು ಲಕ್ಷ ಸಿಕ್ಕಿದವು. ಇಟ್ಟವರಿಗೆ ನಾಣ್ಯದ ರೂಪದಲ್ಲಿ ಹಂಚಿಕೆ ಆರಂಭವಾದದ್ದು ೨೦೨೪ರ ಜುಲೈಯಲ್ಲಿ, ಹತ್ತು ವರುಷಗಳ ಮೇಲೆ.

ಕಾನೂನಿನ ಬದಲಾವಣೆಯಿಂದ ಬಂದ ಸಂಕಟವೂ ಉಂಟು. ೨೦೧೮ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಇಂಥ ವ್ಯಾಪಾರಕ್ಕೆ ಬ್ಯಾಂಕುಗಳು ಸಹಾಯ ಮಾಡಕೂಡದೆಂದು ಸುತ್ತೋಲೆ ಹೊರಡಿಸಿತು. ಅದೇ ವರುಷದ ಸೆಪ್ಟೆಂಬರಿನಲ್ಲಿ ಜೆಬ್‌ಪೇ ಎಂಬ ಕಂಪೆನಿಯು ಭಾರತದಲ್ಲಿ ತನ್ನ ಎಕ್ಸ್‌ಚೇಂಜನ್ನು ನಿಲ್ಲಿಸಿತು. ೨೦೨೦ರ ಮಾರ್ಚಿ ೪ರಂದು ಸುಪ್ರೀಮ್ ಕೋರ್ಟು ಆ ಸುತ್ತೋಲೆಯನ್ನು ತೆಗೆದುಹಾಕಿತು. ಇನ್ನು ಎಕ್ಸ್‌ಚೇಂಜಿನ ಹೆಸರು ಹೇಳಿಕೊಂಡು ವಾಟ್ಸಾಪ್, ಟೆಲಿಗ್ರಾಂಗಳ ಮೂಲಕ ಬರುವ ಸುಳ್ಳು ಆಪ್‌ಗಳ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಅವು ಹಗೇವೇ ಅಲ್ಲ, ಬಾಯಿ ತೆರೆದ ಬಾವಿ.

೩. ಬ್ಯಾಂಕೂ ಬೀಳುವದಿಲ್ಲವೋ?

ಬ್ಯಾಂಕಿನಲ್ಲಿ ಇಟ್ಟರೂ ಹೀಗಾಗುವದಿಲ್ಲವೋ ಎಂದು ಒಬ್ಬನು ಕೇಳಾನು. ನ್ಯಾಯವಾದ ಪ್ರಶ್ನೆ. ಬ್ಯಾಂಕುಗಳೂ ಬಿದ್ದಿವೆ. ೧೯೬೦ನೆಯ ಇಸವಿಯಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಬಿದ್ದಾಗ ಅನೇಕ ಕ್ರೈಸ್ತ ಕುಟುಂಬಗಳು ತಮ್ಮ ಕೂಡಿಟ್ಟ ಹಣಕ್ಕಾಗಿ ಅತ್ತವು. ಆ ಕಣ್ಣೀರಿನಿಂದ ನಮ್ಮ ದೇಶವು ಒಂದು ಪಾಠವನ್ನು ಕಲಿತಿತು: ೧೯೬೨ರ ಜನವರಿ ೧ರಿಂದ ಬ್ಯಾಂಕಿನ ಠೇವಣಿಗೆ ವಿಮೆಯು ಬಂದಿತು. ಮೊದಲು ೧,೫೦೦ ರೂಪಾಯಿಗಳ ವರೆಗೆ ಮಾತ್ರ ಇದ್ದ ಆ ವಿಮೆಯು ೨೦೨೦ರ ಫೆಬ್ರುವರಿಯಿಂದ ಐದು ಲಕ್ಷ ರೂಪಾಯಿಗಳಷ್ಟಾಯಿತು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಎಷ್ಟೋ ಮಂದಿ ವೃದ್ಧರು ಬಾಗಿಲಲ್ಲಿ ನಿಂತು ಕಂಗೆಟ್ಟರು. ಆದರೂ ವಿಮೆಯ ಮಿತಿಯೊಳಗಿದ್ದವರಿಗೆ ತಡವಾಗಿಯಾದರೂ ಹಣವು ದೊರೆಯುವದಕ್ಕೆ ಕಾನೂನಿನ ದಾರಿಯಿತ್ತು.

ಎಕ್ಸ್‌ಚೇಂಜಿನಲ್ಲಿ ಇಟ್ಟ ಹಣಕ್ಕೆ ಇಂಥ ಠೇವಣಿ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ. ರಿಸರ್ವ್ ಬ್ಯಾಂಕು ೨೦೧೩ರ ಡಿಸೆಂಬರಿನಿಂದಲೇ ಜನರಿಗೆ ಈ ಅಪಾಯವನ್ನು ತಿಳಿಸಿ ಎಚ್ಚರಿಸಿತು. ಆದರೆ ನಮ್ಮ ಯೌವನಸ್ಥರಲ್ಲಿ ಕೆಲವರು, ಸರಕಾರವು ಇದರ ಲಾಭದ ಮೇಲೆ ನೂರಕ್ಕೆ ಮೂವತ್ತರಂತೆ ತೆರಿಗೆ ತೆಗೆದುಕೊಳ್ಳುತ್ತದಲ್ಲಾ, ಆದಕಾರಣ ಇದು ಭದ್ರವೇ ಎಂದು ವಾದಿಸುವರು. ೨೦೨೨ರ ಏಪ್ರಿಲಿನಿಂದ ತೆರಿಗೆಯು ಬಂದದ್ದೂ ನಿಜ, ೨೦೨೩ರ ಮಾರ್ಚಿಯಿಂದ ಇಂಥ ಕಂಪೆನಿಗಳು ಕಪ್ಪುಹಣ ತಡೆಯುವ ಕಾನೂನಿಗೆ ಒಳಪಟ್ಟದ್ದೂ ನಿಜ. ಆದರೆ ತೆರಿಗೆಯು ಭದ್ರತೆಯ ಮುದ್ರೆಯಲ್ಲ. ನಮ್ಮ ರಾಜ್ಯದಲ್ಲಿ ೨೦೦೭ರಲ್ಲಿ ಸಾರಾಯಿಯು ನಿಷೇಧವಾಗುವ ತನಕ ಸರಕಾರವು ಅದರ ಮೇಲೆಯೂ ಸುಂಕವನ್ನು ತೆಗೆದುಕೊಂಡಿತು. ಆ ಸುಂಕವನ್ನು ನೋಡಿ ಸಾರಾಯಿಯು ಕುಡಿಯುವವನ ಸಂಸಾರಕ್ಕೆ ಕ್ಷೇಮಕರವೆಂದು ಯಾವ ಬುದ್ಧಿವಂತನು ಹೇಳಿದನು?

೪. ವಿಚಾರಿಸುವದು ಪ್ರೀತಿಗೆ ವಿರುದ್ಧವೋ?

ಈಗ ಮುಖ್ಯವಾದ ಪ್ರಶ್ನೆಗೆ ಬರುವೆವು. ಕ್ರೈಸ್ತನು ಎಲ್ಲರನ್ನೂ ನಂಬತಕ್ಕವನಲ್ಲವೋ? ಪ್ರೀತಿಯು ಎಲ್ಲವನ್ನೂ ನಂಬುವದೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಕಲಿಸಲಿಲ್ಲವೋ? ಲೆಕ್ಕ ಕೇಳುವದು, ಸಾಕ್ಷಿ ಕೇಳುವದು ಎಂದರೆ ಎದುರಿನವನನ್ನು ಕಳ್ಳನೆಂದು ಭಾವಿಸಿದಂತೆ ಆಗುವದಿಲ್ಲವೋ?

ಇದಕ್ಕೆ ಉತ್ತರವನ್ನು ಪೌಲನ ನಡತೆಯಿಂದಲೇ ಕಲಿಯೋಣ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧರ್ಮದ ಹಣವನ್ನು ಸಾಗಿಸುವಾಗ ಅವನು ಅದನ್ನು ಒಬ್ಬನೇ ತೆಗೆದುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದ ಸಹೋದರರನ್ನು ಸಂಗಡ ಕರೆದುಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ತನ್ನ ಕೆಲಸವು ನಿರ್ದೋಷವಾಗಿ ಕಾಣಬೇಕೆಂಬದೇ ಅವನ ಅಪೇಕ್ಷೆ (೨ ಕೊರಿಂಥ ೮). ಬಾಬೆಲಿನಿಂದ ಹಿಂದಿರುಗಿದ ಎಜ್ರನೂ ಹಾಗೆಯೇ ಮಾಡಿದನು. ದೇವಾಲಯದ ಬೆಳ್ಳಿಬಂಗಾರವನ್ನು ಹನ್ನೆರಡು ಮಂದಿ ಮುಖ್ಯಯಾಜಕರಿಗೆ ತೂಗಿ ಕೊಟ್ಟನು. ಯೆರೂಸಲೇಮಿಗೆ ಸೇರಿದ ನಾಲ್ಕನೆಯ ದಿನದಲ್ಲಿ ಪುನಃ ತೂಗಿದರು, ಲೆಕ್ಕವನ್ನೂ ತೂಕವನ್ನೂ ಬರೆದಿಟ್ಟರು (ಎಜ್ರ ೮). ಅವರು ಯಾಜಕರಲ್ಲವೋ? ದೇವರಿಗೆ ಪ್ರತಿಷ್ಠಿತರಲ್ಲವೋ? ಆದರೂ ತೂಗಿದರು. ತೂಗಿದ್ದರಿಂದ ಯಾಜಕರಿಗೆ ಅವಮಾನವಾಗಲಿಲ್ಲ, ಅವರ ಸತ್ಯವಂತಿಕೆಯು ಎಲ್ಲರ ಮುಂದೆ ಪ್ರಕಟವಾಯಿತು. ಹೀಗೆ ಲೆಕ್ಕ ಕೇಳುವದು ಪ್ರೀತಿಯ ಶತ್ರುವಲ್ಲ. ನಂಬಿಗಸ್ತನಾದ ಪಾರುಪತ್ಯಗಾರನು ಅದನ್ನು ತಾನೇ ಬಯಸುವನು. ಅದಕ್ಕೆ ಸಿಟ್ಟಾಗುವವನ ವಿಷಯದಲ್ಲಿ ಎಚ್ಚರವಾಗಿರುವದು ಒಳ್ಳೇದು.

ಹಾಗಾದರೆ ಯಾವಾಗ ನಂಬಬಹುದು? ನಮ್ಮ ಕುಣಿಗಲ್ ದೊಡ್ಡ ಕೆರೆಯಂಥ ಕೆರೆಗಳ ಕೆಳಗೆ ಗದ್ದೆ ಮಾಡಿದ ಹಿರಿಯರು ಇದಕ್ಕೆ ಉತ್ತರವನ್ನು ಬಲ್ಲವರಾಗಿದ್ದರು. ಊರವರು ನೀರನ್ನು ನೀರುಗಂಟಿಯ ವಶಕ್ಕೆ ಒಪ್ಪಿಸುತ್ತಿದ್ದರು. ತೂಬು ಎತ್ತುವವನೂ ಅವನೇ, ಮುಚ್ಚುವವನೂ ಅವನೇ. ಅವನನ್ನು ನಂಬಿದ್ದು ಕುರುಡುನಂಬಿಕೆಯಲ್ಲ. ಯಾಕಂದರೆ, ಮೊದಲನೆಯದಾಗಿ, ಏರಿಯ ಮೇಲೆ ಹತ್ತಿ ನಿಂತರೆ ಕೆರೆಯಲ್ಲಿ ಎಷ್ಟು ನೀರುಂಟೆಂದು ಯಾರು ಬೇಕಾದರೂ ಕಣ್ಣಾರೆ ನೋಡಬಹುದಾಗಿತ್ತು. ಎರಡನೆಯದಾಗಿ, ಅವನು ಊರಿನವನೇ. ತಪ್ಪಿದರೆ ಸಂಜೆಯೊಳಗೆ ಕರೆಯಿಸಿ ಕೇಳಬಹುದಾಗಿತ್ತು. ಮೂರನೆಯದಾಗಿ, ಅವನ ಊಟವೂ ಅದೇ ಬೆಳೆಯಿಂದ ಬರತಕ್ಕದ್ದು. ರೈತನ ಪೈರು ಒಣಗಿದರೆ ಸುಗ್ಗಿಯಲ್ಲಿ ಅವನಿಗೆ ಸಲ್ಲುವ ಪಾಲೂ ಇಲ್ಲ. ನೋಡಬಹುದು, ಕೇಳಬಹುದು, ನನ್ನ ನಷ್ಟದಲ್ಲಿ ಅವನಿಗೂ ನಷ್ಟವುಂಟು: ಈ ಮೂರು ಇರುವ ಕಡೆಯಲ್ಲಿ ಮನುಷ್ಯನನ್ನು ನಂಬುವದು ವಿವೇಕವು.

ಎಕ್ಸ್‌ಚೇಂಜನ್ನು ಈ ಮೂರು ಮಾತುಗಳಿಂದ ತೂಗಿರಿ. ಹಗೇವಿನೊಳಗೆ ಎಷ್ಟು ಅದೆಯೆಂದು ನೋಡುವದು ಸಾಧಾರಣನಿಗೆ ಆಗುವದಿಲ್ಲ. ಕೆಲವು ಕಂಪೆನಿಗಳು ತಮ್ಮ ಬಳಿ ಇಷ್ಟು ನಾಣ್ಯ ಅದೆಯೆಂದು ಪತ್ರ ಪ್ರಕಟಿಸುತ್ತವೆ. ಆದರೆ ಎಷ್ಟು ಸಾಲ ಅದೆಯೆಂಬದನ್ನು ಹೇಳದೆ ಆಸ್ತಿಯನ್ನು ಮಾತ್ರ ತೋರಿಸಿದರೆ ಅದು ಅರ್ಧ ಲೆಕ್ಕ. ಕರೆದು ಕೇಳೋಣವೆಂದರೆ ಅನೇಕ ಕಂಪೆನಿಗಳ ಕಛೇರಿಯು ಒಂದು ದೇಶದಲ್ಲಿ, ಒಡೆತನವು ಮತ್ತೊಂದು ದೇಶದಲ್ಲಿ, ವಿಚಾರಣೆಯು ಮೂರನೆಯ ದೇಶದಲ್ಲಿ. ಮೂರನೆಯದಾಗಿ, ಬೆಲೆ ಏರಿದರೂ ಇಳಿದರೂ ಪ್ರತಿಯೊಂದು ಕೊಡುಕೊಳ್ಳುವಿಕೆಯಲ್ಲಿ ಅವರ ದಲ್ಲಾಳಿಯ ಹಣವು ಅವರಿಗೆ ಸಲ್ಲುತ್ತಲೇ ಇರುವದು; ನಮ್ಮ ಪೈರು ಒಣಗಿದರೂ ಅವರ ಪಾಲು ನಿಲ್ಲುವದಿಲ್ಲ. ಆದಕಾರಣ ಇಂಥಲ್ಲಿ ಸಂಪೂರ್ಣವಾಗಿ ಒಪ್ಪಿಸಿಬಿಡುವದಕ್ಕೆ ನಂಬಿಕೆಯೆಂಬ ಒಳ್ಳೆಯ ಹೆಸರು ಸಲ್ಲದು. ವಿಚಾರಿಸುವ ಶ್ರಮವನ್ನು ಬಿಟ್ಟುಬಿಡುವ ಆಲಸ್ಯವೂ, ಬೇಗನೆ ಐಶ್ವರ್ಯವಂತನಾಗಬೇಕೆಂಬ ಆಶೆಯೂ ಕೂಡಿದಾಗ, ಅವೆರಡೂ ನಂಬಿಕೆಯ ಬಟ್ಟೆಯನ್ನು ಹೊದ್ದುಕೊಂಡು ಬರುವವು. ದೇವರನ್ನು ನಂಬುವಂತೆಯೇ ಮನುಷ್ಯನ ಪೆಟ್ಟಿಗೆಯನ್ನು ನಂಬಿರೆಂದು ವೇದವು ಎಲ್ಲಿಯೂ ಹೇಳಲಿಲ್ಲ.

೫. ಹಾಗಾದರೆ ನೆಲದಲ್ಲಿ ಹೂಳಿಡಬೇಕೋ?

ಕೆಲವರು ಇನ್ನೊಂದು ದಾರಿಯನ್ನು ತೋರಿಸುವರು. ಕೀಲಿಯನ್ನು ಎಕ್ಸ್‌ಚೇಂಜಿಗೆ ಕೊಡದೆ ನಾವೇ ಇಟ್ಟುಕೊಂಡರೆ ಆಯಿತಲ್ಲಾ ಎನ್ನುವರು. ಇದರಲ್ಲಿ ಸತ್ಯವುಂಟು, ಆ ವ್ಯಾಪಾರವನ್ನು ಚೆನ್ನಾಗಿ ಬಲ್ಲವರೂ ದೊಡ್ಡ ಮೊತ್ತವನ್ನು ಎಕ್ಸ್‌ಚೇಂಜಿನಲ್ಲಿ ಬಿಡಬಾರದೆಂದು ಹೇಳುವರು. ಆದರೆ ಕೀಲಿಯು ಮರೆತರೆ, ಬರೆದಿಟ್ಟ ಕಾಗದವು ಗೆದ್ದಲಿಗೆ ಹೋದರೆ, ಮನೆಯ ಯಜಮಾನನು ಗುಟ್ಟನ್ನು ಹೇಳದೆ ತೀರಿಹೋದರೆ, ಹೆಂಡತಿ ಮಕ್ಕಳಿಗೆ ಏನೂ ಉಳಿಯುವದಿಲ್ಲ. ಒಂದು ಅಪಾಯವನ್ನು ಬಿಟ್ಟು ಮತ್ತೊಂದನ್ನು ಕೈಗೆ ತೆಗೆದುಕೊಂಡಂತಾಯಿತು.

ತಲಾಂತುಗಳ ಸಾಮ್ಯದಲ್ಲಿ ಹಣವನ್ನು ನೆಲದಲ್ಲಿ ಹೂಳಿಟ್ಟ ಆಳನ್ನು ಯಜಮಾನನು ಹೊಗಳಲಿಲ್ಲ. ಸಾಹುಕಾರರಲ್ಲಿ ಹಾಕಬಹುದಾಗಿತ್ತಲ್ಲಾ ಎಂದು ಗದರಿಸಿದನು (ಮತ್ತಾಯ ೨೫). ಆದುದರಿಂದ ಹಣವನ್ನು ಮತ್ತೊಬ್ಬರ ಬಳಿಯಲ್ಲಿ ಇಡುವದೇ ಪಾಪವೆಂದು ಯಾರೂ ತಿಳಿಯಬಾರದು. ವಿಶ್ವಾಸವಿಲ್ಲದೆ ಲೋಕದ ಯಾವ ಕೆಲಸವೂ ಸಾಗುವದಿಲ್ಲ. ಆದರೆ ಗೋಪುರ ಕಟ್ಟುವವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಮಾಡಬೇಕೆಂದು ಹೇಳಿದವನೂ ಅದೇ ಕರ್ತನು (ಲೂಕ ೧೪). ಒಂದು ಸಾಮ್ಯವನ್ನು ಹಿಡಿದು ಇನ್ನೊಂದನ್ನು ಬಿಡತಕ್ಕದ್ದಲ್ಲ.

೬. ಯಾರ ಹಣವನ್ನು ಅಪಾಯಕ್ಕೆ ಒಡ್ಡಬಹುದು?

ದಾವೀದನು ಯುದ್ಧಕಾಲದಲ್ಲಿ ಬಾಯಾರಿ ಬೇತ್ಲೆಹೇಮಿನ ಬಾಗಿಲ ಬಾವಿಯ ನೀರಿಗೆ ಹಂಬಲಿಸಿದಾಗ, ಮೂವರು ಶೂರರು ಶತ್ರುಗಳ ದಂಡನ್ನು ಭೇದಿಸಿ ಆ ನೀರನ್ನು ತಂದರು. ದಾವೀದನು ಕುಡಿಯಲಿಲ್ಲ. ಪ್ರಾಣವನ್ನೇ ಒಡ್ಡಿದವರ ರಕ್ತವನ್ನು ತಾನು ಕುಡಿಯಲಾರೆನೆಂದು ಹೇಳಿ ಅದನ್ನು ಕರ್ತನ ಮುಂದೆ ಹೊಯ್ದನು (೨ ಸಮುವೇಲ ೨೩). ಕೈಯಲ್ಲಿ ಇರುವದೆಲ್ಲವೂ ತನ್ನದಲ್ಲವೆಂದು ಅವನು ಅರಿತಿದ್ದನು.

ನಮ್ಮ ಕೈಯಲ್ಲಿರುವ ಹಣದಲ್ಲಿಯೂ ಪರರ ಬೆವರು ಉಂಟು. ಬೆಂಗಳೂರಿಗೆ ಹೋದ ಮಗನು ತಾಯಿಯ ಹೆಸರಿನಲ್ಲಿ ಕಳುಹಿಸಿದ ಹಣ. ಮಗಳ ಕಾಲೇಜಿನ ಫೀಸಿಗೆಂದು ಎತ್ತಿಟ್ಟದ್ದು. ಸ್ತ್ರೀಶಕ್ತಿ ಸಂಘದ ಸದಸ್ಯರು ವಾರವಾರವೂ ಕಟ್ಟಿದ್ದು. ಸುಗ್ಗಿಯ ಹಬ್ಬದಲ್ಲಿ ಬಡ ವಿಧವೆಯು ಒಂದು ಕೋಳಿಯನ್ನು ಸಭೆಗೆ ತಂದು ಹರಾಜಿಗೆ ಕೊಟ್ಟು ಅದರಿಂದ ಬಂದದ್ದು. ಇವುಗಳನ್ನು ಯಾರ ವಶದಲ್ಲಿ ಇಟ್ಟಿರುವದೋ ಅವನು ಇಟ್ಟುಕೊಂಡವನೇ ಹೊರತು ಒಡೆಯನಲ್ಲ. ಒಂದು ತಿಂಗಳಲ್ಲಿ ಇಮ್ಮಡಿಯಾಗಿ ಬಂದರೆ ಸಭೆಗೇ ಲಾಭವಲ್ಲವೋ ಎಂದು ಅವನು ಯೋಚಿಸಬಹುದು. ಎಫ್‌ಟಿಎಕ್ಸ್‌ನ ಒಡೆಯನೂ ಲಾಭ ಬಂದ ಮೇಲೆ ತುಂಬಿಬಿಡುವದೆಂದೇ ಎಣಿಸಿದ್ದಾನು. ಮೊತ್ತವು ಬೇರೆ, ಪಾಪವು ಒಂದೇ. ತನ್ನ ಸ್ವಂತ ಸಂಪಾದನೆಯಲ್ಲಿ, ಹೋದರೂ ಹೆಂಡತಿ ಮಕ್ಕಳ ಅನ್ನಕ್ಕೂ ಔಷಧಕ್ಕೂ ಕೊರತೆಯಾಗದಷ್ಟನ್ನು ಒಬ್ಬನು ತಿಳಿದು ತಿಳಿದು ಅಪಾಯಕ್ಕೆ ಒಡ್ಡಿದರೆ ಅದು ಅವನ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಜಮೀನನ್ನು ಅಡವಿಟ್ಟಾಗಲಿ, ಮಾಂಗಲ್ಯದ ಒಡವೆಯನ್ನು ಗಿರವಿಗೆ ಹಾಕಿಯಾಗಲಿ, ಸಾಲ ತಂದಾಗಲಿ ಹೀಗೆ ಮಾಡುವವನು ಮತ್ತೊಬ್ಬರ ರಕ್ತವನ್ನು ಕುಡಿಯುವವನೇ.

೭. ಕಳಕೊಂಡವರ ವಿಷಯದಲ್ಲಿ ನಮ್ಮ ಧರ್ಮ

ನಷ್ಟಹೊಂದಿದವರನ್ನು ನೋಡಿ ನಗುವದು ಸುಲಭ. ಆಶೆಬುರುಕನಿಗೆ ತಕ್ಕದ್ದೇ ಆಯಿತೆಂದು ಹೇಳುವವರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಆದರೆ ಸಿಲೊವಾಮಿನ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ಕರ್ತನು ಹೇಳಿದ್ದನ್ನು ನೆನಸಿರಿ (ಲೂಕ ೧೩). ಮೋಶೆಯ ಧರ್ಮಶಾಸ್ತ್ರವು ಮೊದಲು ಕಳ್ಳನನ್ನು ಹುಡುಕುವದು, ಅವನಿಗೆ ಎರಡರಷ್ಟು ದಂಡವನ್ನು ವಿಧಿಸುವದು. ಅನಂತರ ಇಟ್ಟುಕೊಂಡವನನ್ನು ದೇವರ ಸನ್ನಿಧಿಗೆ ಕರೆದು ನೆರೆಯವನ ಸೊತ್ತಿನ ಮೇಲೆ ಕೈ ಹಾಕಿದಿಯೋ ಎಂದು ವಿಚಾರಿಸುವದು. ಮೃಗವು ಸೀಳಿತೆಂದರೆ ಸೀಳಿದ್ದನ್ನು ಸಾಕ್ಷಿಗೆ ತರಬೇಕೆಂದ ಹೇಳುವದು. ಕೊಟ್ಟವನಿಗೆ ಅದು ಯಾವ ಶಿಕ್ಷೆಯನ್ನೂ ಹೇಳುವದಿಲ್ಲ. ಎಚ್ಚರತಪ್ಪಿದ್ದು ದೋಷವೇ ಆದರೂ ಕದ್ದದ್ದಕ್ಕೆ ಸಮವಲ್ಲ. ನಮ್ಮ ಲೇವಡಿಯಿಂದ ಏನಾಗುವದು? ಕಳಕೊಂಡವನು ನಾಚಿಕೆಯಿಂದ ಮನೆಯವರಿಗೂ ಹೇಳದೆ, ಹೋದದ್ದನ್ನು ತುಂಬುವದಕ್ಕೆ ಬಡ್ಡಿಗೆ ಸಾಲ ತಂದು, ಮತ್ತೊಂದು ಗುಂಡಿಗೆ ಬೀಳುವನು. ಪ್ರಾಣದ ಆಶೆಯನ್ನೇ ಬಿಡುವ ಸ್ಥಿತಿಗೂ ಬರಬಹುದು. ಅಂಥವನ ಮನೆಗೆ ಸಭೆಯ ಹಿರಿಯರು ಹೋಗಿ ಕುಳಿತುಕೊಳ್ಳಲಿ. ಮೋಸವಾದದ್ದು ತಿಳಿದ ಗಳಿಗೆಯಲ್ಲಿಯೇ ೧೯೩೦ ಎಂಬ ಸಹಾಯವಾಣಿಗೆ ದೂರು ಹೇಳಿಸಲಿ, ಯಾಕಂದರೆ ಅಲ್ಲಿ ಒಂದೊಂದು ಗಳಿಗೆಯೂ ಬೆಲೆಯುಳ್ಳದ್ದು.

ಉಳಿದವರು ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿ ಇಡಿರಿ. ಕೀಲಿ ಯಾರ ಕೈಯಲ್ಲಿ, ಕಳವಾದರೆ ತುಂಬಿಕೊಡುವವರು ಯಾರು, ಯಾವ ನ್ಯಾಯಾಲಯದಲ್ಲಿ ಕೇಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರ ಬಾರದಿದ್ದರೆ ಹಣ ಕೊಡಬೇಡಿರಿ. ನಿಶ್ಚಯವಾದ ದೊಡ್ಡ ಲಾಭವನ್ನು ಮಾತು ಕೊಡುವವನಿಗೆ ಕೊಡಲೇಬೇಡಿರಿ. ಮನೆಯವರಿಂದ ಮುಚ್ಚಿಟ್ಟು ಯಾವ ಹಣವನ್ನೂ ಹೂಡಬೇಡಿರಿ. ಮುಚ್ಚಿಡಬೇಕೆಂದು ತೋರುವದೇ ಒಂದು ಎಚ್ಚರಿಕೆ. ಸಭೆಯ ಹಣವೂ ಸಂಘದ ಹಣವೂ ಇಬ್ಬರ ಸಹಿಯಿಂದ ಬ್ಯಾಂಕಿನಲ್ಲಿಯೋ ಅಂಚೆಕಛೇರಿಯಲ್ಲಿಯೋ ಇರಲಿ, ಅದರ ಲೆಕ್ಕವನ್ನು ಎಲ್ಲರ ಮುಂದೆ ಓದಲಿ.

ಪ್ರಿಯ ವಾಚಕರೇ, ಪೌಲನು ಸೆರೆಮನೆಯಲ್ಲಿದ್ದು ತಿಮೊಥೆಯನಿಗೆ ಬರೆದ ಕಡೆಯ ಪತ್ರದಲ್ಲಿ, ತಾನು ಯಾರನ್ನು ನಂಬಿದೆನೆಂದು ತನಗೆ ಗೊತ್ತುಂಟೆಂದೂ, ತಾನು ಒಪ್ಪಿಸಿದ್ದನ್ನು ಆತನು ಕಾಪಾಡಲು ಶಕ್ತನೆಂದೂ ಹೇಳುತ್ತಾನೆ. ಅವನ ನಂಬಿಕೆಯೂ ಕುರುಡಲ್ಲ. ಯಾರೆಂದು ಬಲ್ಲವನ ನಂಬಿಕೆ. ಅದರ ಬಳಿಯಲ್ಲಿಯೇ ತಿಮೊಥೆಯನಿಗೆ ಇನ್ನೊಂದು ಆಜ್ಞೆಯುಂಟು: ನಿನ್ನ ವಶಕ್ಕೆ ಕೊಟ್ಟದ್ದನ್ನು ನೀನು ಕಾಪಾಡು ಎಂಬದು. ನಾವು ಕೊಡುವವರು ಮಾತ್ರವಲ್ಲ, ಇಟ್ಟುಕೊಂಡವರೂ ಆಗಿದ್ದೇವೆ. ತಮ್ಮನ ಜಮೀನಿನ ಪತ್ರವು ಅಣ್ಣನ ಪೆಟ್ಟಿಗೆಯಲ್ಲಿ ಅದೆ. ಸಂಘದ ಪಾಸುಪುಸ್ತಕವು ಒಬ್ಬ ಸಹೋದರಿಯ ಬೀರುವಿನಲ್ಲಿ ಅದೆ. ಕಾಣಿಕೆಯ ಚೀಲವು ಖಜಾಂಚಿಯ ಕೈಯಲ್ಲಿ ಅದೆ. ದೂರದ ಕಂಪೆನಿಗಳಿಂದ ನಾವು ಯಾವ ಲೆಕ್ಕವನ್ನು ಕೇಳಬೇಕೆಂದು ಹೇಳುತ್ತೇವೋ ಆ ಲೆಕ್ಕವನ್ನು ಮೊದಲು ನಾವೇ ಕೇಳುವದಕ್ಕಿಂತ ಮುಂಚೆ ತೆರೆದು ತೋರಿಸುವವರಾಗೋಣ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.